‘ಎಚ್‌ಡಿ ಹಾಡು’ ಅಂದರೆ ನಿಜಕ್ಕೂ ಏನು? ಸ್ಟ್ರೀಮಿಂಗ್, ಡೌನ್‌ಲೋಡ್ ಮತ್ತು ಆದೋನಿಯ ಹತ್ತಿ ಲೆಕ್ಕ

ಆದೋನಿಯಂಥ ಊರಿನಲ್ಲಿ ಮೊಬೈಲ್ ಅಂಗಡಿ ಎಂದರೆ ಬರೀ ರೀಚಾರ್ಜು, ಕವರು, ಟೆಂಪರ್ಡ್ ಗ್ಲಾಸು ಅಲ್ಲ. ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಹಾಡು ತುಂಬಿಸಿ ಕೊಡುವುದೂ ಅಲ್ಲಿಯ ಹಳೇ ಕಸುಬು. ಕಾನೂನಿನ ಕಣ್ಣಲ್ಲಿ ಅದು ನಕಲಿ ವ್ಯಾಪಾರವೇ, ಆ ಮಾತು ಬೇರೆ. ಟ್ರ್ಯಾಕ್ಟರಿಗೆ, ಆಟೋಗೆ, ಟೀ ಅಂಗಡಿಯ ಸ್ಪೀಕರಿಗೆ ಹಾಡು ಬೇಕಾದವರು ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಭಾಯ್, ಎಚ್‌ಡಿ ಐತೇನು?” ಉತ್ತರವೂ ಒಂದೇ: “ಐತಣ್ಣ, 320 ಐತಿ.” ಕೇಳಿದವನಿಗೂ ಹೇಳಿದವನಿಗೂ ಆ 320 ಏನೆಂದು ಗೊತ್ತಿರಬೇಕೆಂದೇನಿಲ್ಲ. ವ್ಯಾಪಾರ ನಡೆಯುತ್ತದೆ.

ಆದೋನಿ ಗಡಿ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು. ಗೆರೆ ಬದಲಾಯಿತು, ಬಾಯಿ ಬದಲಾಗಲಿಲ್ಲ. ಕನ್ನಡ, ತೆಲುಗು, ಉರ್ದು ಮೂರೂ ಇವತ್ತಿಗೂ ಅಲ್ಲಿ ನಡೆಯುತ್ತವೆ. ಹಾಗಾಗಿ ಒಂದೇ ಪೆನ್‌ಡ್ರೈವಿನಲ್ಲಿ ರಾಜ್‌ಕುಮಾರ್, ಘಂಟಸಾಲ, ಕವ್ವಾಲಿ ಒಟ್ಟಿಗೆ ಕೂತಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ.

ಈಗ ಈ ಪೆನ್‌ಡ್ರೈವಿನ ಜಾಗಕ್ಕೆ ಆ್ಯಪ್ ಬಂದಿದೆ. ಆ್ಯಪ್‌ಗಳ ಜಾಹೀರಾತಿನಲ್ಲಿ ‘ಲಾಸ್‌ಲೆಸ್’, ‘ಹೈ-ರೆಸ್’ ಎಂಬ ಹೊಸ ಪದಗಳು ಬಂದಿವೆ. ಮಂಗಳೂರಿನ ಕಾಲೇಜು ಹುಡುಗನಿರಲಿ, ಆದೋನಿಯ ಅಂಗಡಿ ಹುಡುಗನಿರಲಿ, ಸಂಬಳದಲ್ಲಿ ಉಳಿಸಿದ ದುಡ್ಡನ್ನು ಇದಕ್ಕೆ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಇಬ್ಬರಿಗೂ ಇದೆ. ಸ್ಟ್ರೀಮಿಂಗ್‌ನಲ್ಲಿ ಕೇಳಿದ್ದಕ್ಕೂ, ದೊಡ್ಡ ಫೈಲ್ ಇಳಿಸಿಕೊಂಡು ಕೇಳಿದ್ದಕ್ಕೂ ಕಿವಿಗೆ ಎಷ್ಟು ವ್ಯತ್ಯಾಸ? ಇದನ್ನು ಅರ್ಥ ಮಾಡಿಕೊಳ್ಳಲು ಆದೋನಿಯ ಹತ್ತಿ ಮಾರ್ಕೆಟ್ಟಿಗಿಂತ ಒಳ್ಳೆಯ ಜಾಗ ಇಲ್ಲ.

ಬೇಲಿನ ಹತ್ತಿ, ಸೋಸಿದ ಹತ್ತಿ

ಆದೋನಿಯ ಸುತ್ತಮುತ್ತ ಹತ್ತಿ ಯಾರ್ಡಿಗೆ ಬರುತ್ತದೆ, ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಬೇರೆಯಾಗುತ್ತದೆ, ಉಳಿದ ಅರಳೆಯನ್ನು ಯಂತ್ರದಲ್ಲಿ ಒತ್ತಿ 170 ಕೆಜಿಯ ಬೇಲು ಕಟ್ಟುತ್ತಾರೆ. ಕೋಣೆ ತುಂಬ ಹರಡುವ ಅರಳೆ ಒಂದು ಪೆಟ್ಟಿಗೆಯಷ್ಟಾಗುತ್ತದೆ. ಆದರೆ ಬೇಲಿನ ಪಟ್ಟಿ ಕತ್ತರಿಸಿದರೆ ಅದೇ 170 ಕೆಜಿ ಹೊರಗೆ ಬರುತ್ತದೆ. ಒಂದು ಎಳೆಯೂ ಕಡಿಮೆಯಾಗಿರಲ್ಲ.

ಲಾಸ್‌ಲೆಸ್ ಎಂದರೆ ಇಷ್ಟೇ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ ಎಂಬ ಫೈಲು ಇದನ್ನು ಬೇಲಿನ ಹಾಗೆ ಒತ್ತಿ ಸುಮಾರು ಅರ್ಧದಿಂದ ಮುಕ್ಕಾಲು ಗಾತ್ರಕ್ಕೆ ಇಳಿಸುತ್ತದೆ. ಬಿಚ್ಚಿದಾಗ ಮೂಲ ಹೇಗಿತ್ತೋ ಹಾಗೆಯೇ.

ಎಂಪಿ3 ಕಥೆ ಬೇರೆ. ಅದು ಒತ್ತುವುದಿಲ್ಲ, ಸೋಸುತ್ತದೆ. ದಫ್ ಜೋರಾಗಿ ಬಡಿದ ಕ್ಷಣದಲ್ಲಿ ಪಕ್ಕದವನ ಉಸಿರು ಕೇಳಿಸಲ್ಲ, ಹೌದಲ್ಲ? ಒಂದು ದೊಡ್ಡ ಸದ್ದು ಅದರ ಹತ್ತಿರದ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಎಂಪಿ3 ರೂಪಿಸಿದ್ದು ಈ ಗುಣವನ್ನೇ ಹಿಡಿದು. ಹೇಗೂ ಕೇಳದ ಸದ್ದನ್ನು ಬರೆದಿಡುವುದೇಕೆ, ಬಿಸಾಡಿದರಾಯಿತು ಎಂಬ ಲೆಕ್ಕ. ಬಿಸಾಡಿದ್ದು ವಾಪಸ್ ಬರುವುದಿಲ್ಲ. ಸೆಕೆಂಡಿಗೆ 128 ಕಿಲೋಬಿಟ್‌ಗೆ ಇಳಿಸಿದರೆ ಸಾಕಷ್ಟು ಹೋಗುತ್ತದೆ. ತಾಳದ ಝಣತ್ಕಾರ ನೀರಲ್ಲಿ ನೆನೆದಂತೆ ಕೇಳುವುದು, ಚಪ್ಪಾಳೆ ಒಡೆದಂತೆ ಕೇಳುವುದು ಅದರಿಂದ. 320ರಲ್ಲಿ ಹೋಗುವುದು ಕಡಿಮೆ. ಎಷ್ಟು ಕಡಿಮೆ ಎಂದರೆ ಹೆಚ್ಚಿನವರಿಗೆ ಅದನ್ನೂ ಸಿ.ಡಿ.ಯನ್ನೂ ಕಣ್ಣುಕಟ್ಟಿ ಕೇಳಿಸಿದರೆ ಬೇರೆ ಮಾಡಲಾಗುವುದಿಲ್ಲ. ಅಂಗಡಿಯವನ 320 ಅಂದರೆ ಇದು, ಅದು ನಿಜವಾದ 320 ಆಗಿದ್ದರೆ.

ಸ್ಟ್ರೀಮಿಂಗ್ ಎಂದ ಮಾತ್ರಕ್ಕೆ ಕೀಳಲ್ಲ

“ಸ್ಟ್ರೀಮಿಂಗ್ ಸೌಂಡ್ ಡಲ್, ಡೌನ್‌ಲೋಡ್ ಸೌಂಡ್ ಪಕ್ಕಾ” ಎನ್ನುವ ಮಾತು ಬಹಳ ಕಡೆ ಕೇಳುತ್ತದೆ. ಇದು ಪೂರ್ತಿ ಸರಿಯಲ್ಲ. ಒಂದೇ ಫೈಲು ಇಂಟರ್‌ನೆಟ್ಟಿನಿಂದ ಹರಿದು ಬಂದರೂ, ಮೆಮೊರಿ ಕಾರ್ಡಿನಿಂದ ಬಂದರೂ ಅದರ ಅಂಕಿಗಳು ಅವೇ, ಸದ್ದೂ ಅದೇ. ನೆಟ್‌ವರ್ಕು ಹಾಡನ್ನು ಮಂಕು ಮಾಡಲಾರದು. ತಂದು ಕೊಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ.

ಹಾಗಾದರೆ ವ್ಯತ್ಯಾಸ ಕೇಳುವುದೇಕೆ? ಆ್ಯಪ್‌ಗಳಲ್ಲಿ ಕ್ವಾಲಿಟಿ ‘ಆಟೋಮ್ಯಾಟಿಕ್’ ಎಂಬ ಸೆಟ್ಟಿಂಗ್‌ನಲ್ಲಿ ಕೂತಿರುತ್ತದೆ. ಸ್ಪಾಟಿಫೈಯಲ್ಲಿ ಕೆಳಗಿನ ಮಟ್ಟ ಸೆಕೆಂಡಿಗೆ ಬರೀ 24 ಕಿಲೋಬಿಟ್, ಆಮೇಲೆ 96, 160, ಹಣ ಕೊಟ್ಟವರಿಗೆ 320. ರಾಯಚೂರು ರೈಲಿನಲ್ಲಿ ಕೋಸಿಗಿ, ಮಂತ್ರಾಲಯ ರೋಡ್ ದಾಟುವಾಗ ಸಿಗ್ನಲ್ ತಗ್ಗಿತು ಅಂದುಕೊಳ್ಳಿ. ಹಾಡು ನಿಲ್ಲುವ ಬದಲು ಆ್ಯಪ್ ಸದ್ದಿಲ್ಲದೆ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ಕೇಳುವವನು “ಈ ಆ್ಯಪ್ಪೇ ಸರಿ ಇಲ್ಲ” ಅಂತಾನೆ. ಸೆಟ್ಟಿಂಗ್‌ನಲ್ಲಿ ಮೇಲಿನ ಮಟ್ಟ ಆರಿಸಿ, ಮನೆಯ ವೈಫೈಯಲ್ಲಿ ಹಾಡುಗಳನ್ನು ಆ್ಯಪ್ ಒಳಗೇ ಇಳಿಸಿಟ್ಟರೆ ಈ ತೊಂದರೆ ಮುಗಿಯಿತು. ಆ್ಯಪಿಗೆ ಆಗಲೇ ಹಣ ಕೊಡುತ್ತಿರುವವರಿಗೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲದ ಇದೊಂದು ಬದಲಾವಣೆ, ಸಾವಿರಾರು ರೂಪಾಯಿಯ ಹೈ-ರೆಸ್‌ಗಿಂತ ಹೆಚ್ಚು ಕೇಳಿಸುತ್ತದೆ.

ಯೂಟ್ಯೂಬ್ ಬಗ್ಗೆ ಒಂದು ಮಾತು. ವಿಡಿಯೋ 4ಕೆ ಇದ್ದ ಮಾತ್ರಕ್ಕೆ ಹಾಡೂ 4ಕೆ ಆಗಲ್ಲ. ಚಿತ್ರ ಎಷ್ಟೇ ದೊಡ್ಡದಿರಲಿ, ಸಾಮಾನ್ಯವಾಗಿ ಸದ್ದು 128ರಿಂದ 160 ಕಿಲೋಬಿಟ್ ಸುತ್ತಮುತ್ತಲೇ ಇರುತ್ತದೆ.

ಸಿ.ಡಿ.ಗಿಂತ ಮೇಲೆ ಏನಿದೆ?

ಹೈ-ರೆಸ್ ಎಂದು ಮಾರುವುದು ಸಿ.ಡಿ.ಗಿಂತ ಮೇಲಿನದ್ದನ್ನು. 16ರ ಬದಲು 24 ಬಿಟ್, 44.1ರ ಬದಲು 96 ಅಥವಾ 192 ಕಿಲೋಹರ್ಟ್ಸ್. 24 ಬಿಟ್, 192 ಎಂದರೆ ಒತ್ತುವ ಮೊದಲು ಸೆಕೆಂಡಿಗೆ 9,216 ಕಿಲೋಬಿಟ್, ಸಿ.ಡಿ.ಯ ಆರೂವರೆ ಪಟ್ಟು. ಆಪಲ್ ಮ್ಯೂಸಿಕ್ 2021ರ ಜೂನ್‌ನಲ್ಲಿ ಹೆಚ್ಚುವರಿ ದುಡ್ಡಿಲ್ಲದೆ ಇಲ್ಲಿಯ ತನಕ ಕೊಡಲು ಶುರು ಮಾಡಿತು. ಸ್ಪಾಟಿಫೈ 2025ರಲ್ಲಿ ಲಾಸ್‌ಲೆಸ್ ತಂದಿತು, ಆದರೆ 24 ಬಿಟ್, 44.1ರ ತನಕ ಮಾತ್ರ.

ಸೆಕೆಂಡಿಗೆ 44,100 ಸಲ ಅಳೆದರೆ ಅದರ ಅರ್ಧ, ಅಂದರೆ 22 ಕಿಲೋಹರ್ಟ್ಸ್‌ನಷ್ಟು ಕೀಚಲಿನ ಸದ್ದಿನ ತನಕ ಪೂರ್ತಿ ಹಿಡಿಯಬಹುದು. ಮನುಷ್ಯನ ಕಿವಿ ಚಿಕ್ಕ ವಯಸ್ಸಿನಲ್ಲಿ 20ರ ತನಕ ಕೇಳುತ್ತದೆ, ವಯಸ್ಸಾದಂತೆ ಕೆಳಗಿಳಿಯುತ್ತದೆ. 192 ಕಿಲೋಹರ್ಟ್ಸ್ ಫೈಲು 96ರ ತನಕದ ಸದ್ದು ಹಿಡಿಯುತ್ತದೆ. ಬಾವಲಿಗೆ ಉಪಯೋಗ ಆಗಬಹುದು. 24 ಬಿಟ್‌ನಿಂದ ಸಿಗುವುದು ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನ ಹೆಚ್ಚು ಅಂತರ. 16 ಬಿಟ್‌ನಲ್ಲೇ ಇದು 96 ಡೆಸಿಬಲ್. ಜಿನ್ನಿಂಗ್ ಮಿಲ್ಲಿನ ಪಕ್ಕದ ಅಂಗಡಿಯಲ್ಲಾಗಲಿ, ಬೈಕಿನ ಮೇಲಾಗಲಿ ಅದರ ಅರ್ಧವೂ ಕೈಗೆ ಹತ್ತುವುದಿಲ್ಲ.

ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೇಳುಗರು ಹೈ-ರೆಸ್ ಯಾವುದು, ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದು ಯಾವುದು ಎಂದು 554 ಸಲ ಹೇಳಿದರು, 276 ಸಲ ಸರಿಯಾಯಿತು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ 18 ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದಾಗ ಸರಿ ಉತ್ತರ ಶೇ. 52.3. ಮೊದಲೇ ತರಬೇತಿ ಕೊಟ್ಟು ಕೂರಿಸಿದವರಲ್ಲಿ ಶೇ. 60ರ ಹತ್ತಿರ. ಹಾಗಾಗಿ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವುದು ಸುಳ್ಳು. ಇದೆ, ಕೂದಲೆಳೆಯಷ್ಟು. ಅದನ್ನು ಹಿಡಿಯಲು ಮೌನದ ಕೋಣೆ, ಒಳ್ಳೆಯ ಉಪಕರಣ, ಪಳಗಿದ ಕಿವಿ ಮೂರೂ ಬೇಕು.

ಮನೆಯಲ್ಲೇ ಪರೀಕ್ಷಿಸುವ ಆಸೆ ಇದ್ದವರು ಒಂದು ಮೋಸದಿಂದ ಎಚ್ಚರವಾಗಿರಬೇಕು. ಒಂದೇ ಹಾಡನ್ನು ಒಂದು ಚೂರು ಜೋರಾಗಿ ಹಾಕಿದರೆ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಎರಡರ ವಾಲ್ಯೂಮ್ ಸಮ ಮಾಡಿಕೊಂಡು, ಹಾಡು ಬದಲಿಸುವ ಕೆಲಸ ತಮ್ಮನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತು 16 ಸಲ ಹೇಳಿ. 12 ಸರಿಯಾದರೆ ನಿಮ್ಮ ಕಿವಿಗೆ ಸಲಾಂ. ಎಂಟೋ ಒಂಬತ್ತೋ ಬಂದರೆ ಅದು ಊಹೆ ಅಷ್ಟೇ.

ಕಾಲುವೆಯ ತುದಿ

ತುಂಗಭದ್ರಾ ಡ್ಯಾಮಿನಿಂದ ಹೊರಟ ಕೆಳಮಟ್ಟದ ಕಾಲುವೆ, ಊರವರ ಬಾಯಲ್ಲಿ ಎಲ್‌ಎಲ್‌ಸಿ, ಬಳ್ಳಾರಿ ದಾಟಿ ಆದೋನಿ ಕಡೆ ಬರುತ್ತದೆ. ಡ್ಯಾಮಿನಲ್ಲಿ ಎಷ್ಟು ನೀರಿದೆ ಎನ್ನುವುದರಿಂದ ಕೊನೆಯ ಹೊಲದವನ ಹೊಟ್ಟೆ ತುಂಬಲ್ಲ. ನಡುವಿನ ಅತಿ ಸಣ್ಣ ತೂಬು ಎಷ್ಟು ಬಿಡುತ್ತದೋ ಅಷ್ಟೇ ಅವನ ಪಾಲು.

ಹಾಡಿನ ದಾರಿಯಲ್ಲಿ ಆ ಸಣ್ಣ ತೂಬಿನ ಹೆಸರು ಬ್ಲೂಟೂತ್. ಎಲ್ಲ ಇಯರ್‌ಬಡ್‌ಗಳಲ್ಲೂ ಇರುವ ಎಸ್‌ಬಿಸಿ ಎಂಬ ವಿಧಾನ ಸಾಮಾನ್ಯವಾಗಿ ಬಿಡುವುದು ಸೆಕೆಂಡಿಗೆ ಹೆಚ್ಚೆಂದರೆ 328 ಕಿಲೋಬಿಟ್. ಸೋನಿಯ ಎಲ್‌ಡ್ಯಾಕ್ ಇದ್ದರೆ 990ರ ತನಕ, ಅದೂ ಸಿಗ್ನಲ್ ಗಟ್ಟಿಯಿದ್ದಾಗ. ಅಂದರೆ ಫೋನಿನಲ್ಲಿ 9,216ರ ಫೈಲು ಓಡುತ್ತಿದೆ, ಪರದೆಯ ಮೇಲೆ ‘ಹೈ-ರೆಸ್’ ಎಂದು ಬಂಗಾರದ ಅಕ್ಷರ ಹೊಳೆಯುತ್ತಿದೆ, ಕಿವಿಗೆ ಬೀಳುತ್ತಿರುವುದು ಮತ್ತೊಮ್ಮೆ ಸೋಸಿದ್ದು. ಬ್ಲೂಟೂತ್‌ನಲ್ಲಿ ಲಾಸ್‌ಲೆಸ್ ಸಿಗದೆಂದು, 48 ಕಿಲೋಹರ್ಟ್ಸ್ ದಾಟಿದ್ದಕ್ಕೆ ಬೇರೆ ಡ್ಯಾಕ್ ಬೇಕೆಂದು ಆಪಲ್ ಕಂಪೆನಿಯೇ ಲಾಸ್‌ಲೆಸ್ ತಂದಾಗ ಹೇಳಿತ್ತು. ಜಾಹೀರಾತಿನಲ್ಲಿ ಇದು ಸಣ್ಣ ಅಕ್ಷರ. ಆಂಡ್ರಾಯ್ಡ್ ಫೋನುಗಳೂ ಸಾಮಾನ್ಯವಾಗಿ ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ತಿರುಗಿಸಿಯೇ ಹೊರಗೆ ಕಳಿಸುತ್ತವೆ.

ದುಡ್ಡು ಹಾಕುವುದೇ ಆದರೆ ಕಾಲುವೆಯ ತುದಿಗೆ ಹಾಕಬೇಕು. ಒಂದು ಒಳ್ಳೆಯ ವೈರಿನ ಇಯರ್‌ಫೋನು, ಫೋನಿನಲ್ಲಿ ಅದರ ತೂತು ಇಲ್ಲದಿದ್ದರೆ ಟೈಪ್-ಸಿಗೆ ಸಿಕ್ಕಿಸುವ ಸಣ್ಣ ಡ್ಯಾಕ್. ಅದರಲ್ಲಿ 320ರ ಹಾಡು ಕೇಳಿದವನು, ಅಗ್ಗದ ಬಡ್‌ನಲ್ಲಿ ಹೈ-ರೆಸ್ ಕೇಳಿದವನಿಗಿಂತ ಸುಖಿ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ ಹಾಕಿದರೂ ಸಾಕು, ಹೊರಗಿನ ಗದ್ದಲ ಮುಚ್ಚುತ್ತದೆ, ವಾಲ್ಯೂಮ್ ಏರಿಸಬೇಕಾಗಿಲ್ಲ. ಮಿಲ್ಲಿನ ಸದ್ದನ್ನು ಮುಳುಗಿಸಲು ದಿನವಿಡೀ ಜೋರಾಗಿ ಕೇಳುವವನು ಕಿವಿಯನ್ನೇ ಸೋಸಿಕೊಳ್ಳುತ್ತಿದ್ದಾನೆ.

ನೀರು ಚಿಮುಕಿಸಿದ ಹತ್ತಿ

ಭಾರತೀಯ ಹತ್ತಿ ನಿಗಮದವರು ಖರೀದಿಗೆ ಬಂದಾಗ ತೇವಾಂಶದ ಮೀಟರ್ ಚುಚ್ಚಿ ನೋಡುತ್ತಾರೆ. ಶೇ. 8ರ ತನಕ ಪೂರ್ತಿ ರೇಟು, ಅದರ ಮೇಲೆ ಕಡಿತ, ಶೇ. 12 ದಾಟಿದರೆ ಮುಟ್ಟುವುದೇ ಇಲ್ಲ. ನೀರು ಚಿಮುಕಿಸಿದರೆ ತೂಕ ಏರುತ್ತದೆ, ಎಳೆ ಏರುವುದಿಲ್ಲವಲ್ಲ.

ಹಾಡಿನಲ್ಲೂ ಇದು ಧಾರಾಳವಾಗಿ ನಡೆಯುತ್ತದೆ. ಯೂಟ್ಯೂಬಿನಿಂದ ಇಳಿಸಿದ 128ರ ಸದ್ದನ್ನು ಕನ್ವರ್ಟರಿಗೆ ಹಾಕಿ ‘320’ ಎಂದು ತೆಗೆಯುವುದು, ಎಂಪಿ3ಯನ್ನು ಫ್ಲ್ಯಾಕ್ ಮಾಡಿ ‘24 ಬಿಟ್’ ಹೆಸರಿಡುವುದು. ಫೈಲು ದಪ್ಪಗಾಗುತ್ತದೆ, ಬಿಸಾಡಿದ ಸದ್ದು ಮರಳುವುದಿಲ್ಲ. ಇದಕ್ಕೂ ಮೀಟರ್ ಇದೆ. ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರಿಗೆ ಫೈಲು ಹಾಕಿದರೆ ಬಣ್ಣದ ಚಿತ್ರ ಬರುತ್ತದೆ. 16 ಕಿಲೋಹರ್ಟ್ಸ್ ಹತ್ತಿರ ಕತ್ತಿಯಿಂದ ಕೊಯ್ದಂತೆ ಬಣ್ಣ ನಿಂತಿದ್ದರೆ ಅದು ಹೆಚ್ಚಾಗಿ 128ರ ಎಂಪಿ3ಯಿಂದ ಹುಟ್ಟಿದ್ದು. ಹಳೆಯ ಟೇಪಿನ ರೆಕಾರ್ಡಿಂಗ್ ಆದರೆ ಬಣ್ಣ ಮೇಲೆ ಹೋದಂತೆ ಮೆಲ್ಲಗೆ ತೆಳುವಾಗುತ್ತದೆ, ಕೊಯ್ದಂತೆ ಇರುವುದಿಲ್ಲ.

ಲೆಕ್ಕವನ್ನೂ ನೋಡಿಬಿಡೋಣ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವನಿಗೆ 320ರಲ್ಲಿ ಗಂಟೆಗೆ 144 ಎಂಬಿ, ಅಂದರೆ ಹತ್ತು ಗಂಟೆ ಹಾಡು. ಸಿ.ಡಿ. ಮಟ್ಟದ ಲಾಸ್‌ಲೆಸ್‌ನಲ್ಲಿ ಗಂಟೆಗೆ ಸುಮಾರು 380 ಎಂಬಿ, ನಾಲ್ಕು ಗಂಟೆ. 24 ಬಿಟ್, 192ರಲ್ಲಿ ಒತ್ತಿದ ಮೇಲೂ ಗಂಟೆಗೆ ಎರಡು ಜಿಬಿಗಿಂತ ಹೆಚ್ಚು. ಮುಕ್ಕಾಲು ಗಂಟೆಯೊಳಗೆ ಪ್ಯಾಕ್ ಖಾಲಿ, ವಾಟ್ಸ್ಆ್ಯಪ್‌ಗೂ ಗತಿಯಿಲ್ಲ.

ಫೈಲಿನ ನಿಜವಾದ ಬೆಲೆ

ಹಾಗಾದರೆ ಇಳಿಸಿಟ್ಟ ಫೈಲಿಗೆ ಬೆಲೆಯೇ ಇಲ್ಲವೇ? ಇದೆ. ಅದು ಸದ್ದಿನಲ್ಲಿ ಅಲ್ಲ, ಕೈಯಲ್ಲಿ ಉಳಿಯುವುದರಲ್ಲಿ.

2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದು ಎರಡು ತಿಂಗಳೊಳಗೆ, ಸಾರೆಗಾಮ ಜೊತೆಗಿನ ತಗಾದೆ ದೆಹಲಿ ಹೈಕೋರ್ಟಿಗೆ ಹೋಗಿ ಸಾರೆಗಾಮದ ಹಾಡುಗಳೆಲ್ಲ ಆ್ಯಪಿನಿಂದ ಹೋದವು. ಸಾರೆಗಾಮ ಎಂದರೆ ಹಳೆಯ ಎಚ್‌ಎಂವಿ. ಅಂದರೆ ಕಪ್ಪು-ಬಿಳುಪು ಕಾಲದ ಎಷ್ಟೋ ಕನ್ನಡ, ತೆಲುಗು, ಹಿಂದಿ ಹಾಡುಗಳ ಒಡೆಯರು. ಮರಳಿ ಬಂದದ್ದು 2020ರ ಜೂನ್‌ನಲ್ಲಿ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಹಾಡುಗಳ ಸರದಿ. ಆ್ಯಪ್‌ಗಳೇ ಮುಚ್ಚಿದ ಕಥೆ ಬೇರೆ: ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ, ರೆಸ್ಸೋ 2024ರ ಜನವರಿಯಲ್ಲಿ, ಅದೇ ವರ್ಷ ಏರ್‌ಟೆಲ್‌ನ ವಿಂಕ್ ಮುಚ್ಚುವ ಘೋಷಣೆ. ಆ್ಯಪ್ ಒಳಗೆ ‘ಡೌನ್‌ಲೋಡ್’ ಎಂದು ಒತ್ತಿದ್ದು ಫೋನಿನಲ್ಲಿದ್ದರೂ ಅದು ಬಾಡಿಗೆ ಮನೆ. ಕೀಲಿ ಕಂಪೆನಿಯದ್ದು. ಹಣ ಕೊಟ್ಟು ಕೊಂಡ ಫೈಲಿಗೆ, ಸ್ವಂತ ಸಿ.ಡಿ.ಯಿಂದ ಮಾಡಿಕೊಂಡ ಫ್ಲ್ಯಾಕಿಗೆ ಆ ಭಯವಿಲ್ಲ.

ಕರಾವಳಿಯ ಬ್ಯಾರಿ ಮನೆಗಳಿಗೆ ಈ ಮಾತು ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಯಾವ ಆ್ಯಪಿನಲ್ಲೂ ಇಲ್ಲದ, ಎಂದೂ ಬಾರದ ಸದ್ದುಗಳು ಅಲ್ಲಿವೆ. ಗಲ್ಫಿನಿಂದ ಬಂದ ಟೂ-ಇನ್-ಒನ್ ಟೇಪ್ ರೆಕಾರ್ಡರಿನಲ್ಲಿ ಮದುವೆ ಮನೆಯ ಹಾಡು ಹಿಡಿದ ಕ್ಯಾಸೆಟ್, ಊರಿನ ದಫ್ ತಂಡದ ಕ್ಯಾಸೆಟ್. ಪತ್ರ ಬರೆಯಲು ಬಾರದ, ಫೋನಿಗೆ ದುಬಾರಿಯಾದ ಕಾಲದಲ್ಲಿ ಗಂಡ ಅಲ್ಲಿಂದ, ಹೆಂಡತಿ ಇಲ್ಲಿಂದ ಮಾತು ತುಂಬಿಸಿ ಊರಿಗೆ ಹೋಗಿ ಬರುವವರ ಕೈಲಿ ಕಳಿಸಿದ ಕ್ಯಾಸೆಟ್. ಬಾಪನ ಚಿಕ್ಕ ವಯಸ್ಸಿನ ದನಿ ಇರುವುದು ಪ್ರಪಂಚದಲ್ಲಿ ಅದೊಂದರಲ್ಲೇ ಇರಬಹುದು. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ 1978ರಲ್ಲಿ ಕ್ಯಾಸೆಟ್ ಆಗಿ ಬಂದು ಮನೆಮನೆ ತಲುಪಿತು. ಅಂಥದ್ದನ್ನು ಉಳಿಸಲು ನೂರು ಜನ ಇದ್ದಾರೆ. ಮನೆಯ ಕಪಾಟಿನ ಕ್ಯಾಸೆಟ್ಟಿಗೆ ಮನೆಯವರೇ ಗತಿ.

24 ಬಿಟ್‌ಗೆ ನಿಜವಾದ ಕೆಲಸ ಇಲ್ಲಿದೆ. ಮನೆಯ ಕ್ಯಾಸೆಟ್ಟಿನಲ್ಲಿರುವ ಸದ್ದಿಗೆ 16 ಬಿಟ್ಟೇ ಹೆಚ್ಚು. ಆದರೆ ದನಿ ಒಮ್ಮೆ ಪಿಸುಗುಟ್ಟಿ ಒಮ್ಮೆ ಕೂಗುತ್ತದೆ. 24 ಬಿಟ್‌ನಲ್ಲಿ ಹಿಡಿದರೆ ಮಟ್ಟವನ್ನು ತಗ್ಗಿಸಿಟ್ಟು ನಿಶ್ಚಿಂತೆಯಿಂದ ರೆಕಾರ್ಡ್ ಮಾಡಬಹುದು, ಕೂಗು ಒಡೆಯುವುದಿಲ್ಲ, ಆಮೇಲೆ ಏರಿಸಿಕೊಂಡರೆ ಪಿಸುಮಾತೂ ಕೆಡುವುದಿಲ್ಲ. ಹೈ-ರೆಸ್ ಹುಟ್ಟಿದ್ದೇ ಸ್ಟುಡಿಯೋದ ಈ ಅನುಕೂಲಕ್ಕೆ. ಕೇಳುಗನ ಕಿವಿಗೆ ಮಾರಿದ್ದು ಆಮೇಲೆ.

ಬೇಕಾಗುವುದು ಸುಸ್ಥಿತಿಯ ಒಂದು ಕ್ಯಾಸೆಟ್ ಪ್ಲೇಯರ್, ಅದರ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಹಾಕುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್, ಉಚಿತವಾಗಿ ಸಿಗುವ ಆಡಾಸಿಟಿ ಸಾಫ್ಟ್‌ವೇರ್. ಕಾರ್ಡು 24 ಬಿಟ್‌ನದ್ದೇ ಎಂದು ಕೊಳ್ಳುವ ಮೊದಲು ನೋಡಿಕೊಳ್ಳಬೇಕು. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟರೆ 60 ನಿಮಿಷದ ಕ್ಯಾಸೆಟ್ಟಿಗೆ ಒಂದು ಜಿಬಿ ಜಾಗ, ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿ. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ‘ನಾಯ್ಸ್ ತೆಗೆಯುವ’ ಗುಂಡಿ ಒತ್ತುವ ಆಸೆ ಬರುತ್ತದೆ, ಒತ್ತುವುದಿದ್ದರೆ ಮೂಲ ಫೈಲನ್ನು ಹಾಗೆಯೇ ಎತ್ತಿಟ್ಟು ನಕಲಿನ ಮೇಲೆ ಒತ್ತಿ. ಎರಡು ಕಡೆ ಪ್ರತಿ ಇರಲಿ, ಒಂದು ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲೋ ತಂಗಿಯ ಮನೆಯಲ್ಲೋ. ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದು ಪ್ರತಿಯಲ್ಲ. ಅಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಸದ್ದು ಮತ್ತೆ ಸೋಸಿ ಹೋಗುತ್ತದೆ.

ಪ್ಲೇ ಒತ್ತುವ ಮೊದಲು ಇನ್ನೊಂದನ್ನು ನೋಡಿ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದು ಮುರಿಯದೆ ಇದ್ದರೆ, ಮಕ್ಕಳ ಕೈ ತಪ್ಪಿ ಕೆಂಪು ಗುಂಡಿಗೆ ಬಿದ್ದರೂ ಬಾಪನ ದನಿಯ ಮೇಲೆ ರೆಕಾರ್ಡ್ ಆಗಿಬಿಡುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ಮುರಿದು, ಆಮೇಲೆ ಕ್ಯಾಸೆಟ್ ಹಾಕಿ.